ಭಾಷೆ ಕೊಡದ ಸಂಕಮ್ಮ

ಶಿವರಾತ್ರಿಯ ಜಾಗರಣೆ. ಹನೂರು ಕಡೆಯ ಒಂದು ಊರಿನ ಜಗುಲಿಯಲ್ಲಿ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಮಹಾಕಾವ್ಯವನ್ನು ಹಾಡುವ ದೇವರಗುಡ್ಡರು ಅಂದು ಸಂಕಮ್ಮನ ಸಾಲು ಎಂಬ ಭಾಗವನ್ನು ಹಾಡುತ್ತಿದ್ದರು. ನಾನಿನ್ನೂ ಚಿಕ್ಕವನು, ಅಜ್ಜಿಯ ಕಂಬಳಿಯೊಳಗೆ ಕೂತಿದ್ದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಮೇಲೆ ಅನುಮಾನಪಟ್ಟು, ಬಲಗೈ ಭಾಷೆ ಕೊಡು, ಆಣೆಯಿಡು ಎಂದು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಕಟ್ಟಿಹಾಕಿ ಹೋಗಿಬಿಡುತ್ತಾನೆ. ಮೊರೆ ಕೇಳಿ ಮಾದಪ್ಪ ಬರುತ್ತಾನೆ. ಮಕ್ಕಳಿಲ್ಲದವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳ ವರ ಕೊಡುತ್ತಾನೆ.

ನನಗೆ ಅಷ್ಟು ಸಾಲಲಿಲ್ಲ. ಗಂಡನಿಗೆ ಏನು ಶಾಸ್ತಿ ಆಯ್ತಜ್ಜಿ ಎಂದು ಕೇಳಿದೆ. 'ಅವನ್ ಇಚಾರ ಬುಡು ಕಂದ. ಸಂಕಮ್ಮ ಭಾಷ ಕೊಡ್ನಿಲ್ಲ, ಅದ ಕೇಳ್ದಾ?' ಎಂದಳು.

ಆ ವಯಸ್ಸಿಗೆ ಅದು ಉತ್ತರವೆನಿಸಲಿಲ್ಲ. ನನಗೆ ಹಿಡಿಸುತ್ತಿದ್ದದ್ದು ಅದೇ ಮಹಾಕಾವ್ಯದ ಶ್ರವಣ ದೊರೆಯ ಸಾಲು. ದೇವತೆಗಳನ್ನೇ ಸೆರೆಹಿಡಿದು ಊಳಿಗಕ್ಕೆ ಇಟ್ಟುಕೊಂಡ ಶ್ರವಣನನ್ನು ಮಾದಪ್ಪ ಅರಗಿನ ಪಾದರಕ್ಷೆಯ ಉಪಾಯದಿಂದ ಸುಡುತ್ತಾನೆ. ಮಾಡಿದ್ದುಣ್ಣೋ ಮಹರಾಯ! ಕೇಳಿದವರು ನಿರಾಳವಾಗಿ ಮನೆಗೆ ಹೋಗಬಹುದು.

ಕಥೆಯಿಂದ ಈ ನಿರಾಳವನ್ನು ಬೇಡುವುದು ನಮ್ಮೂರಿನ ಮಕ್ಕಳಷ್ಟೇ ಅಲ್ಲ. ಕಾವ್ಯದಲ್ಲಿ ಒಳ್ಳೆಯವರಿಗೆ ಒಳ್ಳೆಯದೂ ಕೆಟ್ಟವರಿಗೆ ಕೆಟ್ಟದ್ದೂ ಆಗಲೇಬೇಕೆಂದು ವಾದಿಸಿ, ಅದಕ್ಕೆ 'ಕಾವ್ಯನ್ಯಾಯ' ಎಂಬರ್ಥದ ಹೆಸರನ್ನು 1678ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ವಿಮರ್ಶಕ ಥಾಮಸ್ ರೈಮರ್. ಮೂರು ವರ್ಷದ ನಂತರ ನೇಹಮ್ ಟೇಟ್ ಎಂಬಾತ ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕವನ್ನೇ ತಿದ್ದಿದ. ಮೂಲದಲ್ಲಿ ಸಾಯುವ ಕಾರ್ಡೀಲಿಯಾ ಅವನ ನಾಟಕದಲ್ಲಿ ಬದುಕಿ ಮದುವೆಯಾಗುತ್ತಾಳೆ. ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿ ಆಡಿದ್ದು ಈ ತಿದ್ದುಪಡಿಯನ್ನೇ. ಮಗಳ ಹೆಣ ಹೊತ್ತ ತಂದೆಯನ್ನು ನೋಡುವ ಎದೆಗಾರಿಕೆ ಜನಕ್ಕೆ ಇರಲಿಲ್ಲ.

ಅದೇ ಶತಮಾನದಲ್ಲಿ ನಮ್ಮ ಯಳಂದೂರಿನ ಷಡಕ್ಷರದೇವ 'ರಾಜಶೇಖರ ವಿಳಾಸ' ಬರೆದ. ಚೋಳ ದೊರೆಯ ಮಗ ರಾಜಶೇಖರ, ಮಂತ್ರಿಯ ಮಗ ಮಿತವಚನನನ್ನು ಕೂಡಿಕೊಂಡು ಬೀದಿಯಲ್ಲಿ ಕುದುರೆ ಓಡಿಸುತ್ತಾನೆ. ಸವಾರಿಯಲ್ಲಿ ಯಾರದಾದರೂ ಜೀವ ಹೋದರೆ ಮರಣದಂಡನೆ ಎಂಬ ಕಟ್ಟಳೆ ಇದ್ದ ಊರು ಅದು. ಒಬ್ಬ ಹುಡುಗ ಕುದುರೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ತಾಯಿ ತಿರುಕೊಳವಿನಾಚಿ ದೊರೆಯಲ್ಲಿ ದೂರುತ್ತಾಳೆ, ದೊರೆ ಸ್ವಂತ ಮಗನಿಗೇ ಸಾವಿನ ಶಿಕ್ಷೆ ಕೊಡುತ್ತಾನೆ. ಕೊನೆಗೆ ಶಿವ ಪ್ರತ್ಯಕ್ಷನಾಗಿ ಸತ್ತವರನ್ನೆಲ್ಲ ಎಬ್ಬಿಸುತ್ತಾನೆ.

ಲೆಕ್ಕ ಸರಿಹೋಯಿತು. ಕಟ್ಟಳೆ ಉಳಿಯಿತು, ದೊರೆಯ ಮಾತು ಉಳಿಯಿತು, ಮಕ್ಕಳೂ ಉಳಿದರು. ಆದರೆ ಈ ಚಂಪೂಕಾವ್ಯವನ್ನು ಓದಿದವರನ್ನು ಕೇಳಿ ನೋಡಿ. ಅವರು ಮೊದಲು ಹೇಳುವುದು ಶಿವ ಬಂದದ್ದನ್ನಲ್ಲ, ತಿರುಕೊಳವಿನಾಚಿಯ ಪ್ರಲಾಪವನ್ನು. ಮಗನ ಹೆಣದ ಮುಂದೆ ಕೂತ ಆ ತಾಯಿಯ ಅಳು ಕಿವಿಯಿಂದ ಹೋಗುವುದೇ ಇಲ್ಲ. ಷಡಕ್ಷರದೇವ ಶಿವಭಕ್ತ, ಶಿವನ ಕರುಣೆಯಲ್ಲಿ ಅವನಿಗೆ ಸಂಶಯವಿರಲಿಲ್ಲ. ಹಾಗಿದ್ದೂ, ಮಗು ಹೇಗೂ ಬದುಕುತ್ತದಲ್ಲ ಎಂದು ತಾಯಿಯ ಅಳುವನ್ನು ಅವನು ಮೊಟಕು ಮಾಡಲಿಲ್ಲ. ನನ್ನ ಪಾಲಿಗೆ ಆ ಕಾವ್ಯದ ನ್ಯಾಯ ಇರುವುದು ಅಲ್ಲಿ. ದೊರೆ ತೀರ್ಪು ಕೊಡುವ ಮೊದಲೇ ಕವಿ ಅವಳ ಅಹವಾಲನ್ನು ಪೂರ್ತಿಯಾಗಿ ಕೇಳಿಸಿಕೊಂಡಿದ್ದಾನೆ.

ಯಳಂದೂರಿನವಳೇ ಆದ ಸಂಚಿಯ ಹೊನ್ನಮ್ಮನೂ ನೆನಪಾಗುತ್ತಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಈಕೆ ಬರೆದದ್ದು 'ಹದಿಬದೆಯ ಧರ್ಮ', ಪತಿವ್ರತೆ ಹೇಗಿರಬೇಕೆಂದು ತಿಳಿಸುವ ಸಾಂಗತ್ಯ ಕಾವ್ಯ. ಗಂಡನ ಮಾತು ಮೀರಬಾರದೆಂಬ ಉಪದೇಶ ಅದರ ತುಂಬ ಇದೆ. ಅದೇ ಉಪದೇಶದ ನಡುವೆ, ಹೆಣ್ಣು ಮಗುವನ್ನು ಹಳಿಯುವವರಿಗೆ ಅವರ ತಾಯಿ ಯಾರೆಂದು ನೆನಪಿಸಿ ಗದರುತ್ತಾಳೆ. ಅವಳ ಉಪದೇಶ ಇಂದು ಹಳೆಯದಾಗಿದೆ, ಗದರಿದ್ದು ಮಾತ್ರ ಹಾಗೇ ಉಳಿದಿದೆ.

ಹೊನ್ನಮ್ಮನ ಹದಿಬದೆಯ ಅಳತೆಗೆ ಬೆಟ್ಟದ ಸಂಕಮ್ಮ ಒಗ್ಗುವಳೇ? ಗಂಡನಿಗೆ ನಿಷ್ಠಳು, ಆದರೆ ಗಂಡ ಕೇಳಿದ ಭಾಷೆಯನ್ನು ಕೊಡದವಳು. ಕೊಟ್ಟಿದ್ದರೆ ಗುಡಿಸಲೂ ಇಲ್ಲ, ಕಟ್ಟೂ ಇಲ್ಲ. ಅವಳಿಗೆ ಸುಲಭದ ದಾರಿ ಎದುರಲ್ಲೇ ಇತ್ತು. ತಪ್ಪಿಲ್ಲದವಳು ತಪ್ಪಿಲ್ಲವೆಂದು ಆಣೆಯಿಟ್ಟರೆ, ಅನುಮಾನಿಸುವ ಹಕ್ಕು ಅವನಿಗಿದೆ ಎಂದು ಒಪ್ಪಿದ ಹಾಗೆ. ಅದನ್ನು ಅವಳು ಒಪ್ಪಲಿಲ್ಲ. ಆ ಹೊತ್ತಿನಲ್ಲಿ ಮಾದಪ್ಪ ಬರುತ್ತಾನೆಂಬ ಸೂಚನೆಯೂ ಅವಳಿಗಿಲ್ಲ. ವರ ಸಿಗುತ್ತದೆಂದು ಗಟ್ಟಿಯಾಗಿ ನಿಂತವಳಲ್ಲ ಅವಳು.

ನೀಲೇಗೌಡನ ಗತಿಯನ್ನು ಒಬ್ಬೊಬ್ಬ ಗಾಯಕ ಒಂದೊಂದು ಥರ ಹಿಗ್ಗಿಸಬಹುದು, ಕುಗ್ಗಿಸಬಹುದು. ಸಂಕಮ್ಮ ಭಾಷೆ ಕೊಡದೆ ನಿಲ್ಲುವ ಜಾಗವನ್ನು ಮಾತ್ರ ಅವಸರದಲ್ಲಿ ದಾಟಿಸಿದವರನ್ನು ನಾನು ಕೇಳಿಲ್ಲ. ಅಲ್ಲಿಗೆ ಬಂದಾಗ ಕಂಸಾಳೆಯ ಗತಿ ಇಳಿಯುತ್ತದೆ, ಹಿಮ್ಮೇಳದವರು ಅದೇ ಸೊಲ್ಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಆ ಶಿವರಾತ್ರಿ ಜಗುಲಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಮಾದಪ್ಪ ಬಂದಾಗಲ್ಲ, ಆಗ.