ಕೋಡಿಯ ಪಾಚಿಗೆ ಬಾಟಲಿ ಮದ್ದಲ್ಲ

ನನ್ನ ತಾತ ಕೋಲಾರ ಸೀಮೆಯ ಒಂದು ಕೆರೆಗೆ ನೀರುಗಂಟಿಯಾಗಿದ್ದರು. ಮುಂಗಾರಿಗೆ ಮುಂಚೆ ನಾಲ್ಕಾಳು ಕರೆದುಕೊಂಡು ಹೋಗಿ ಕೋಡಿಯಲ್ಲಿ ಬೆಳೆದ ಜೊಂಡು, ಮುಳ್ಳುಗಿಡ ಎಲ್ಲ ಕಡಿಸಿ ಹಾಕುತ್ತಿದ್ದರು. "ಕೋಡಿ ಕಟ್ಕೊಂಡ್ರೆ ಏರಿ ಹೋಗ್ತದೆ ಕಣೋ" ಎಂದು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಾನು 14 ವರ್ಷದಿಂದ ಬೆಂಗಳೂರಿನಲ್ಲಿ ಮನೆ, ಕ್ಲಿನಿಕ್ಕು, ಹೋಟೆಲುಗಳ ಉಪ್ಪುನೀರಿನ ಅಕ್ವೇರಿಯಂ ನೋಡಿಕೊಳ್ಳುತ್ತೇನೆ. ಹವಳ, ಕ್ಲೌನ್ ಮೀನು ಇರುವ ಗಾಜಿನ ತೊಟ್ಟಿಗಳು. ಅವಕ್ಕೂ ಒಂದು ಕೋಡಿ ಇರುತ್ತದೆ. ಓವರ್‌ಫ್ಲೋ ಅನ್ನುತ್ತಾರೆ. ತೊಟ್ಟಿಯ ಮೇಲ್ಮಟ್ಟದ ನೀರು ಬಾಚಣಿಗೆಯಂಥ ಹಲ್ಲುಗಳ ನಡುವೆ ಹರಿದು ಒಂದು ಡಬ್ಬಕ್ಕೆ ಬಿದ್ದು, ಪೈಪಿನಲ್ಲಿ ಕೆಳಗಿನ ಸಂಪಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾದ ನೀರನ್ನು ಪಂಪು ಮತ್ತೆ ಮೇಲಕ್ಕೆ ಎತ್ತುತ್ತದೆ. ಆ ಹಲ್ಲುಗಳಿಗೆ ಪಾಚಿ ಕಟ್ಟಿಕೊಂಡರೆ ಆಗುವುದೂ ತಾತ ಹೇಳಿದ್ದೇ.

ಹೋದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಫೋನು ಬಂತು. "ಅಣ್ಣಾ, ತೊಟ್ಟಿ ತುಂಬಿ ಹಾಲೆಲ್ಲಾ ನೀರು!" ಎಂದರು ಆ ಮನೆಯವರು. "ಮೇಡಂ, ಮೊದಲು ಪಂಪು ಆಫ್ ಮಾಡಿ, ಬಂದೆ" ಎಂದು ಗಾಡಿ ತೆಗೆದೆ. ಹೋಗಿ ನೋಡಿದರೆ ಕೂದಲುಪಾಚಿ ಹಲ್ಲುಗಳನ್ನು ಹಸಿರು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಒಂದು ತುಂಡು ಕಿತ್ತುಬಂದು ಪೈಪಿನ ಬಾಯಿಗೆ ಹೋಗಿದೆ, ಅದರ ಮೇಲೊಂದು ಟರ್ಬೊ ಬಸವನಹುಳು ಬಿರಡೆಯಂತೆ ಕೂತಿದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ತೊಟ್ಟಿಯಲ್ಲಿ ನೀರು ಒಂದಿಂಚು ಏರಲು ಸುಮಾರು 19 ಲೀಟರ್ ಸಾಕು. ಆ ತೊಟ್ಟಿಯ ಅಂಚಿನಲ್ಲಿ ಖಾಲಿ ಬಿಟ್ಟಿದ್ದೇ ಒಂದಿಂಚು. ಸಂಪಿನ ಪಂಪು ಕೋಣೆಯಲ್ಲಿ ಇದ್ದದ್ದು 40 ಲೀಟರ್. ಉಳಿದದ್ದಷ್ಟೂ ನೆಲಕ್ಕೆ. ಇಷ್ಟಕ್ಕೇ ನಿಲ್ಲಲಿಲ್ಲ. ಸಂಪಿನ ಮಟ್ಟ ಇಳಿಯಿತೆಂದು ಆಟೊ ಟಾಪ್‌ಅಪ್ ಸಿಹಿನೀರು ಸುರಿಯುತ್ತಲೇ ಇತ್ತು. ಉಪ್ಪಿನಂಶ ಕುಸಿದು, ಮೃದು ಹವಳಗಳು ಬಾಯಿ ಮುಚ್ಚಿ ಮುದುಡಿ ಕೂತಿದ್ದವು.

ಆದರೆ ಅಸಲು ನಷ್ಟ ಆಮೇಲೆ ಆಯಿತು. ಮರುದಿನ ಒಂದು ಅಂಗಡಿಯವರು ಆ ಮನೆಯವರಿಗೆ ಪಾಚಿ ಕೊಲ್ಲುವ ಬಾಟಲಿ ಕೊಟ್ಟು ಕಳಿಸಿದರು. ಕೊಳಕ್ಕೆ ಹಾಕುವ ಮದ್ದು, ಅದರಲ್ಲಿ ತಾಮ್ರವಿತ್ತು. ಮೀನು ಒಂದು ಮಟ್ಟಕ್ಕೆ ತಾಮ್ರ ತಡೆದೀತು. ಬಸವನಹುಳು, ಸಿಗಡಿ, ಹವಳಕ್ಕೆ ಅದು ವಿಷ. ಮೂರನೇ ದಿನ ನಾನು ಹೋದಾಗ 12 ಬಸವನಹುಳುಗಳಲ್ಲಿ 11 ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಉಳಿದದ್ದೊಂದನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಚಿಪ್ಪಿನ ಬಾಗಿಲು ಮುಚ್ಚಿಕೊಂಡಿತ್ತು, ಆದರೆ ಜೀವವಿತ್ತು. ಪಾಚಿಯನ್ನು ಮೇಯುತ್ತಿದ್ದವುಗಳನ್ನೇ ಆ ಮದ್ದು ಕೊಂದಿತ್ತು. ಸತ್ತ ಪಾಚಿ ಕೊಳೆತು, ತಿಂದಿದ್ದ ನೈಟ್ರೇಟು ಫಾಸ್ಫೇಟನ್ನೆಲ್ಲ ಮತ್ತೆ ನೀರಿಗೇ ಬಿಟ್ಟಿತು. ತಾಮ್ರ ಕಲ್ಲು ಮರಳಿನಲ್ಲಿ ಸೇರಿಕೊಂಡರೆ ಬೇಗ ಬಿಡುವುದಿಲ್ಲ. ಆರು ವಾರಕ್ಕೆ ಕೋಡಿ ಮತ್ತೆ ಹಸಿರಾಯಿತು.

ಪಾಚಿ ಬೇರೆಲ್ಲೂ ಅಲ್ಲದೆ ಕೋಡಿಯಲ್ಲೇ ಯಾಕೆ ಹೀಗೆ ಮೆರೆಯುತ್ತದೆ? ನೀರು ಅಲ್ಲಿ ತೆಳ್ಳಗೆ, ರಭಸವಾಗಿ ಹರಿಯುತ್ತದೆ, ಹಾಗಾಗಿ ಗೊಬ್ಬರ ಕ್ಷಣಕ್ಷಣಕ್ಕೂ ಬಂದು ತಾಗುತ್ತದೆ. ಮೇಲಿನಿಂದ ದೀಪದ ಬೆಳಕು ಸುರಿಯುತ್ತದೆ. ಮೇಯುವ ಟ್ಯಾಂಗ್ ಮೀನು ಆ ಹಲ್ಲುಗಳ ಸಂದಿಗೆ ಬಾಯಿ ಹಾಕಲಾರದು. ಮೇಯುವವರಿಲ್ಲದಿದ್ದರೆ ಪಾಚಿ ಏನು ಮಾಡುತ್ತದೆ ಎಂಬುದನ್ನು ಕಡಲೇ ತೋರಿಸಿದೆ. 1983–84ರಲ್ಲಿ ಕೆರಿಬಿಯನ್ ಕಡಲಿನಲ್ಲಿ ಪಾಚಿ ಮೇಯುವ ಡಯಡೆಮಾ ಎಂಬ ಮುಳ್ಳುಚೆಂಡಿನಂಥ ಜೀವಿ ರೋಗ ಬಂದು ರಾಶಿರಾಶಿ ಸತ್ತಿತು. ಜಮೈಕಾದಲ್ಲಿ ಪಾಚಿ ಮೇಯುವ ಮೀನನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು. ಅರ್ಧಕ್ಕರ್ಧ ಹವಳ ತುಂಬಿದ್ದ ಅಲ್ಲಿಯ ದಿಬ್ಬಗಳನ್ನು ಹತ್ತೇ ವರ್ಷದಲ್ಲಿ ಪಾಚಿ ಆವರಿಸಿತು.

ಇದೇ ಗುಣವನ್ನು ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ, 1980ರ ಸುಮಾರಿಗೆ, ಹವಳದ ತೊಟ್ಟಿಯ ನೀರನ್ನು ದೀಪದ ಕೆಳಗಿನ ಜಾಲರಿಯ ಮೇಲೆ ತೆಳ್ಳಗೆ ಹರಿಸಿ, ಅಲ್ಲಿ ಬೇಕೆಂದೇ ಪಾಚಿ ಬೆಳೆಸಿ, ಆಗಾಗ ಕೆರೆದು ತೆಗೆದು ನೀರನ್ನು ಶುದ್ಧ ಮಾಡಿದರು. ಎಂದರೆ ನಿಮ್ಮ ಕೋಡಿ ನಿಮಗೆ ತಿಳಿಯದೆಯೇ ಏಡಿಯವರ ಜಾಲರಿಯಾಗಿದೆ, ಆದರೆ ಇರಬಾರದ ಜಾಗದಲ್ಲಿ. ಆದ್ದರಿಂದ ನಾನು ಹೇಳುವುದು ಇಷ್ಟು: ಪಾಚಿಗೆ ಕೆಳಗೆ ಸಂಪಿನಲ್ಲಿ ಜಾಗ ಮಾಡಿಕೊಡಿ, ಕೋಡಿಗೆ ಕತ್ತಲೆ ಕೊಡಿ. ಸಂಪಿನ ಒಂದು ಕೋಣೆಯಲ್ಲಿ ಕೀಟೊಮಾರ್ಫ ಎಂಬ ನೂಲುಂಡೆಯಂಥ ಪಾಚಿ ಹಾಕಿ, ಮೇಲಿನ ದೀಪ ಆರಿದ ಮೇಲೆ ರಾತ್ರಿ ಅದಕ್ಕೆ ದೀಪ ಹಚ್ಚಿ, ಅದು ಕೋಣೆ ತುಂಬಿದಾಗ ಒಂದು ಹಿಡಿ ಕಿತ್ತು ಹೊರಗೆ ಹಾಕಿ. ಆ ಹಿಡಿಯ ಜೊತೆ ಫಾಸ್ಫೇಟೂ ಹೊರಗೆ ಹೋಗುತ್ತದೆ. ಬಾಟಲಿಯಿಂದ ಅದು ಹೊರಗೆ ಹೋಗುವುದಿಲ್ಲ.

ಕೋಡಿಯ ಮೇಲೆ ಕಪ್ಪು ಅಕ್ರಿಲಿಕ್ ಹಾಳೆ ಮುಚ್ಚಿ, ಗಾಳಿಯಾಡಲು ಬೆರಳಷ್ಟು ಸಂದಿ ಬಿಡಿ. ಖರ್ಚು ಆ ಬಾಟಲಿಗಿಂತ ಕಡಿಮೆ. ವಾರಕ್ಕೊಮ್ಮೆ ಹಳೇ ಟೂತ್‌ಬ್ರಷ್ಷಿನಲ್ಲಿ ಒಂದೊಂದೇ ಹಲ್ಲು ಉಜ್ಜಿ, ಬಿದ್ದ ಚೂರನ್ನು ಪೈಪಿಗೆ ಬಿಡದೆ ಟ್ಯೂಬಿನಲ್ಲಿ ಎಳೆದುಕೊಳ್ಳಿ. ಹಲ್ಲುಪಟ್ಟಿ ಬಿಚ್ಚುವಂಥದ್ದಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಡಿ, ಗುಲಾಬಿ ಬಣ್ಣದ ಸುಣ್ಣಪಾಚಿಯೂ ಬಿಡುತ್ತದೆ. ಬಸವನಹುಳು ನುಸುಳದಂತೆ ಪೈಪಿನ ಬಾಯಿಗೆ ಜಾಲರಿ ಇರಲಿ. ಮುಖ್ಯ ಪೈಪಿಗಿಂತ ಎತ್ತರದಲ್ಲಿ ಇನ್ನೊಂದು ತುರ್ತು ಪೈಪು ನಿಲ್ಲಿಸಿ. ಅದು ಸದಾ ಒಣಗಿರಬೇಕು. ಅದರೊಳಗೆ ನೀರಿನ ಸದ್ದು ಕೇಳಿತೆಂದರೆ ಮುಖ್ಯ ಪೈಪು ಕಟ್ಟುತ್ತಿದೆ ಎಂದೇ ಅರ್ಥ. ಪಂಪು ಕೋಣೆಯಲ್ಲಿ ತೊಟ್ಟಿಯ ಅಂಚು ತಡೆಯುವುದಕ್ಕಿಂತ ಹೆಚ್ಚು ನೀರು ಇಡಬೇಡಿ.

ಪಾಚಿಯ ಗೊಬ್ಬರ ಒಳಗೆ ಬರುವುದನ್ನೂ ಕಡಿಮೆ ಮಾಡಿ. ನಲ್ಲಿ ನೀರು, ಬೋರ್‌ವೆಲ್ ನೀರು ನೇರ ಹಾಕಬೇಡಿ. ಆರ್‌ಒ ಜೊತೆಗೆ ಉಳಿದ ಲವಣ ಹಿಡಿಯುವ ಡಿಐ ಫಿಲ್ಟರಿನಲ್ಲೂ ಹಾಯಿಸಿ, ಉಪ್ಪು ಬೆರೆಸುವ ಮುನ್ನ ಟಿಡಿಎಸ್ ಮೀಟರು ಸೊನ್ನೆ ತೋರಿಸಲಿ. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ ಹಾಕಿ. ಹಾಗೆಂದು ತೊಟ್ಟಿಯಲ್ಲಿ ನೈಟ್ರೇಟು ಫಾಸ್ಫೇಟನ್ನು ಪೂರ್ತಿ ಸೊನ್ನೆಗೆ ಇಳಿಸಬೇಡಿ, ಹವಳಕ್ಕೂ ಅದು ಸ್ವಲ್ಪ ಬೇಕು.

ಮಾರುವವರಿಗೂ ಒಂದು ಮಾತು. ನಮ್ಮ ಕಡಲಿನ ದಿಬ್ಬ ಕಟ್ಟುವ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಮುರುಡೇಶ್ವರದ ಬಳಿಯ ನೇತ್ರಾಣಿಯ ಹವಳವನ್ನು ಯಾರೂ ಕೀಳುವಂತಿಲ್ಲ. ತೊಟ್ಟಿಗೆ ಬರುವ ಜೀವಗಳಲ್ಲಿ ಎಷ್ಟೋ ಚೀಲದ ನೀರಿನಲ್ಲಿ, ವಿಮಾನದಲ್ಲಿ, ದೂರದ ಕಡಲುಗಳಿಂದ ಬಂದವು. ಅಷ್ಟು ದೂರದಿಂದ ತರಿಸಿ ಮಾರುವವರು ತೊಟ್ಟಿ ಕೊಡುವ ದಿನವೇ ಕೋಡಿ ತೊಳೆಯುವುದನ್ನು ಕೈಹಿಡಿದು ತೋರಿಸಲೇಬೇಕು. ತಾಮ್ರವಿರುವ ಮದ್ದನ್ನು ಹವಳ ಸಾಕುವವರ ಕೈಗೆ ಕೊಡುವುದು ತಪ್ಪು.

ಮನೆಯಲ್ಲಿ ಇಂಥ ತೊಟ್ಟಿ ಇರುವವರು ಈ ಭಾನುವಾರ 15 ನಿಮಿಷ ಬಿಡುವು ಮಾಡಿಕೊಳ್ಳಿ. ಪಂಪು ಆಫ್ ಮಾಡಿ, ಕೋಡಿಯ ಮುಚ್ಚಳ ತೆಗೆದು, ಒಂದೊಂದು ಹಲ್ಲಿನ ಸಂದಿಯಲ್ಲೂ ಬೆರಳಾಡಿಸಿ ನೋಡಿ.