ಅಘನಾಶಿನಿಯ ಮಾಲ ಮೀನಿನ ಪರವಾಗಿ ಮೀನುಗಾರಿಕಾ ಸಚಿವರಿಗೆ

ಮಾನ್ಯ ಸಚಿವರೇ,

ಗಾಳದ ಹವ್ಯಾಸ ಎಂದೊಡನೆ ನಮ್ಮಲ್ಲಿ ಕಾವೇರಿಯ ಮಹಶೀರ್ ಮತ್ತು ಭೀಮೇಶ್ವರಿಯ ಕ್ಯಾಂಪು ನೆನಪಾಗುತ್ತವೆ. ಅಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು ದಶಕ ದಾಟಿತು. ಅದರ ಸರಿತಪ್ಪು ಇಲ್ಲಿ ಬೇಡ. ನಾನು ಬರೆಯುತ್ತಿರುವುದು ಕಾರವಾರದ ಕಡೆ ಶೆವ್ಟೆ ಎಂದೂ ದಕ್ಷಿಣಕ್ಕೆ ಬಂದರೆ ಮಾಲ ಎಂದೂ ಕರೆಯುವ ಅಳಿವೆಯ ಮೀನಿನ ಬಗ್ಗೆ. ಅಂಜಲ್, ಪಾಂಪ್ಲೆಟ್‌ಗಳ ಪಕ್ಕದಲ್ಲಿಟ್ಟರೆ ಮಾರುಕಟ್ಟೆಯಲ್ಲಿ ಇದಕ್ಕೆ ಗತ್ತಿಲ್ಲ. ಎಳೆ ಸುತ್ತಿದ ಹುಸಿ ಎರೆಯಿಂದ ಮೀನು ಹಿಡಿಯುವ ಫ್ಲೈ ಗಾಳದವರ ಲೆಕ್ಕವೇ ಬೇರೆ.

ಮಾಲ ಬೇಟೆಯಾಡುವ ಮೀನಲ್ಲ. ಕೆಸರ ಮೇಲಿನ ಪಾಚಿ, ಡಯಾಟಮ್, ಕೊಳೆತ ಎಲೆಯ ಚೂರುಗಳನ್ನು ಹೀರಿ, ಕೋಳಿಗಿರುವಂಥ ದಪ್ಪ ಗೋಡೆಯ ಜಠರದಲ್ಲಿ ಮರಳಿನ ಸಮೇತ ಅರೆಯುತ್ತದೆ. ಹೊಳೆಯುವ ಲೋಹದ ಹುಸಿಮೀನು ತೋರಿಸಿದರೆ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಪುಟಾಣಿ ಗಾಳಕ್ಕೆ ಹಸಿರು ಉಣ್ಣೆಯ ನಾಲ್ಕೆಳೆ ಸುತ್ತಿ ಪಾಚಿಯ ತುಣುಕಿನ ವೇಷ ಹಾಕಬೇಕು. ಉಬ್ಬರ ಏರುತ್ತಿದ್ದಂತೆ ಹಿಂಡು ಕಾಂಡ್ಲಾ ಬೇರುಗಳ ಅಂಚಿಗೆ ಬರುತ್ತದೆ. ಒಮ್ಮೊಮ್ಮೆ ನೀರಿನ ಮೇಲೆ ಬರೀ ತುಟಿಗಳು ಕಾಣುತ್ತವೆ. ತಲೆಯ ಮೇಲೆ ದಾರ ಬಿತ್ತೋ, ಇಡೀ ಹಿಂಡು ಮಾಯ. ಎರಡು ಮಾರು ಮುಂದಕ್ಕೆ ಬೀಸಿ, ಎಳೆಯದೆ, ನೀರೇ ಒಯ್ಯಲೆಂದು ಬಿಡಬೇಕು. ದಾರ ಒಂದು ಕ್ಷಣ ತಡೆದಂತಾದರೆ ಮೆಲ್ಲಗೆ ಎತ್ತಬೇಕು. ಅವಸರಪಟ್ಟು ಜಗ್ಗಿದರೆ ಮೆತ್ತನೆಯ ತುಟಿ ಹರಿದು ಮೀನು ಹೋಯಿತು. ಸಿಕ್ಕಿಬಿದ್ದರಂತೂ ಕಿಲೋ ತೂಗುವ ಮಾಲ ತನ್ನ ತೂಕಕ್ಕೆ ಮೀರಿ ಎಳೆದಾಡುತ್ತದೆ.

ಈ ಆಟಕ್ಕೆ ಜೆಟ್ಟಿ ಬೇಡ, ಎಂಜಿನ್ ಬೇಡ. ಹಿಂಡು ಯಾವ ಹೊತ್ತಿಗೆ ಎಲ್ಲಿ ತಿರುಗುತ್ತದೆಂದು ಬಲ್ಲ ಒಬ್ಬ ಬೀಸುಬಲೆಯವ ಮತ್ತು ಅವನ ಪಾತಿ ದೋಣಿ ಸಾಕು. ಬಂದವರಿಂದ ಶುಲ್ಕ ಪಡೆದು ಪರವಾನಗಿ ಕೊಡುವ ಅಧಿಕಾರವನ್ನು ಊರಿನ ಮೀನುಗಾರರ ಸಹಕಾರಿ ಸಂಘಕ್ಕೇ ಕೊಡಿ. ಮುಳ್ಳಿಲ್ಲದ ಗಾಳ ಕಡ್ಡಾಯವಿರಲಿ, ಹಿಡಿದದ್ದನ್ನು ನೀರಿಗೆ ಬಿಡಲಿ. ತಿನ್ನದಿದ್ದ ಮೇಲೆ ಹಿಡಿಯುವುದೇಕೆ ಎಂದು ಊರವರು ನಕ್ಕರೆ ಆ ನಗು ನ್ಯಾಯವೇ. ಒಂದನ್ನು ಸಾರಿಗೆ ಇಟ್ಟುಕೊಳ್ಳಲಿ ಬಿಡಿ.

ಆದರೆ ಮೀನೇ ಇಲ್ಲದ ಅಳಿವೆಗೆ ಪರವಾನಗಿ ಕೊಟ್ಟು ಏನು ಮಾಡುವುದು? ಮಾಲ ಮೊಟ್ಟೆಯಿಡುವುದು ಸಮುದ್ರದಲ್ಲಿ. ಬೆರಳ ಗೆಣ್ಣಿನಷ್ಟು ಉದ್ದದ ಮರಿಗಳು ಬೆಳೆಯಲು ಅಳಿವೆಗೆ ಬರುತ್ತವೆ. ನಮ್ಮ ಉತ್ತರ ಕನ್ನಡದ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ತೊಡಕಿರುವುದು ಅಲ್ಲಿನ ಗಜನಿಗಳಲ್ಲಿ, ಎಂದರೆ ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆಗಳಲ್ಲಿ. ಅಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಮೀನು, ಸಿಗಡಿ. ಉಬ್ಬರಕ್ಕೆ ತೂಬಿನ ಬಾಗಿಲು ತೆರೆದರೆ ನೀರಿನೊಡನೆ ಮರಿಗಳೂ ಒಳಗೆ. ಇಳಿತಕ್ಕೆ ಅದೇ ಬಾಗಿಲಿಗೆ ಬಲೆ. ಆ ಬಲೆಯ ಕಣ್ಣು ಸೊಳ್ಳೆ ಪರದೆಯಷ್ಟು ಸಣ್ಣದಾದರೆ ಮುಂದಿನ ವರ್ಷಗಳ ಮೀನೆಲ್ಲ ಒಂದೇ ಬುಟ್ಟಿಗೆ ಬೀಳುತ್ತದೆ. ಹಣ ಕೊಟ್ಟು ಗಜನಿಯ ಮೀನಿನ ಹಕ್ಕು ಹಿಡಿದವನನ್ನು ದೂರಿ ಫಲವಿಲ್ಲ, ಅವನು ಹಾಕಿದ್ದನ್ನು ಹುಟ್ಟಿಸಿಕೊಳ್ಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಕಡಲಿನ ಯಾಂತ್ರಿಕ ದೋಣಿಗಳಿಗೆ; ಚಳಿಗಾಲದ ತೂಬಿನ ಬಲೆಗೆ ಅದರಿಂದ ಏನೂ ತಟ್ಟದು.

ಆದ್ದರಿಂದ ಗಜನಿ ಗುತ್ತಿಗೆಯ ಕರಾರಿನಲ್ಲೇ ಬಲೆಗಣ್ಣಿನ ಅಳತೆ ಬರೆಸಿ. ಅದರಿಂದ ಗಜನಿಯ ರೈತರಿಗೆ ಬರುವ ಗುತ್ತಿಗೆಯ ಮೊತ್ತ ಇಳಿದರೆ ಆ ಕೊರತೆಯನ್ನು ಇಲಾಖೆ ತುಂಬಲಿ; ರೈತರ ತಲೆಗೆ ಕಟ್ಟಬೇಡಿ. ಅಳತೆ ಎಷ್ಟಿರಬೇಕೆಂದು ವಿಜ್ಞಾನಿಗಳ ಜೊತೆಗೆ ಬಲೆ ಹೆಣೆಯುವವರನ್ನೂ ಕೂರಿಸಿ ಕೇಳಿ. ಮೊದಲು ಕುಮಟಾ ತಾಲೂಕಿನ ಮಾಣಿಕಟ್ಟಾದಂಥ, ಕಗ್ಗ ಇನ್ನೂ ಉಳಿದಿರುವ ಊರಿನ ಗಜನಿಯೊಂದರಲ್ಲಿ ನೋಡೋಣ. ಈ ಸಲದ ಕೊಯ್ಲು ಮುಗಿದು ಬಾಗಿಲು ತೆರೆಯುವ ಮೊದಲೇ ಆದೇಶ ಕೈಸೇರಬೇಕು.

ಇತಿ,
ಅಳಿವೆ ದಡದ ಒಬ್ಬ ಗಾಳದವ