ಮನೆವಾರ್ತೆ: ಹೊಗೆಕೊಳವೆಗೂ ಬೇಕು ಒಂದು ಟೊಪ್ಪಿ



ಅಡುಗೆಮನೆಗೆ ಗ್ಯಾಸ್ ಬಂತು, ಕುಕ್ಕರ್ ಬಂತು, ಮಿಕ್ಸಿ ಬಂತು. ಆದರೆ ನಮ್ಮ ಮಲೆನಾಡಿನ ಕಡೆ ಬಚ್ಚಲುಮನೆಯ ಹಂಡೆ ಒಲೆ ಮಾತ್ರ ಕೂತ ಜಾಗದಿಂದ ಕದಲಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಎಷ್ಟೋ ಮನೆಗಳಿಗೆ ಸಿಲಿಂಡರ್ ಬಂದದ್ದು ನಿಜ. ಹಾಗಂತ ಆರು ಜನರ ಸ್ನಾನದ ನೀರನ್ನು ಗ್ಯಾಸಿನ ಮೇಲೆ ಕಾಯಿಸುತ್ತಾ ಕೂರೋಕಾಗುತ್ತದೆಯೇ? ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ ಹಿತ್ತಿಲಲ್ಲೇ ಬಿದ್ದಿರುವಾಗ ಹಂಡೆ ಒಲೆಯೇ ಸರಿ. ಒಲೆ ಇದ್ದ ಮೇಲೆ ಹೊಗೆ ಇದ್ದೇ ಇದೆ, ಹೊಗೆ ಹೋಗಲು ಸೂರಿನ ಮೇಲೆ ಒಂದು ಕೊಳವೆಯೂ ಇದೆ. ಈ ಸಲ ಆ ಕೊಳವೆಯ ತುದಿಯ ಬಗ್ಗೆ ನಾಲ್ಕು ಮಾತು. ಗ್ಯಾಸ್ ಒಲೆಯ ಮೇಲೆ ಗೋಡೆಗೆ ಹಾಕುವ ಕರೆಂಟಿನ ಚಿಮ್ನಿಯ ವಿಷಯ ಇದಲ್ಲ. ಸೌದೆ ಒಲೆಯ ಹೊಗೆಕೊಳವೆ, ಅದರ ನೆತ್ತಿಯ ಮೇಲಿನ ತಗಡಿನ ಟೊಪ್ಪಿ, ಅಷ್ಟೇ.

ಅಷ್ಟು ಚಿಕ್ಕ ವಸ್ತುವಿಗೆ ಒಂದು ಪುಟ ಯಾಕೆ ಅಂತೀರಾ? ಸರಿಯಾಗಿ ಕೂರಿಸಿದರೆ ಅದು ಮನೆ ಕಾಯುತ್ತದೆ. ತಪ್ಪಾಗಿ ಕೂರಿಸಿದರೆ ಟೊಪ್ಪಿ ಇಲ್ಲದಿರುವುದಕ್ಕಿಂತಲೂ ಕೇಡು. ಇದೇ ನಾನು ಹೇಳಬೇಕೆಂದಿರುವುದು.

ಟೊಪ್ಪಿ ಇಲ್ಲದಿದ್ದರೆ ಏನಾಗುತ್ತದೆ?

ಮೊದಲನೆಯದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಾಲ್ಕು ಅಂಗುಲ ಅಗಲದ ಕೊಳವೆಯ ಬಾಯಿ ತೆರೆದಿಟ್ಟರೆ, ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಸುಮಾರು 55 ಲೀಟರ್ ನೀರು ಒಳಗೆ ಇಳಿಯುತ್ತದೆ. ಮೂರು ನಾಲ್ಕು ಕೊಡ ನೀರನ್ನು ನಾವೇ ಒಲೆಯೊಳಗೆ ಹುಯ್ದ ಹಾಗೆ! ಆ ನೀರು ಕೊಳವೆಯ ಮಸಿಯ ಜೊತೆ ಕಲಸಿ ತಗಡನ್ನು ತಿನ್ನುತ್ತದೆ. ಗೋಡೆಯ ಮೇಲೆ ಕಂದು ಬಣ್ಣದ ಕಲೆ ಇಳಿಯುತ್ತದೆ. ಮಣ್ಣಿನ ಒಲೆಯಾದರೆ ಮೆತ್ತಗಾಗಿ ಕುಸಿಯುತ್ತದೆ. ತೇವದ ಒಲೆ ಉರಿಯುವುದೂ ಕಷ್ಟ, ಊದಿ ಊದಿ ಬೆಳಗೆಲ್ಲಾ ಅಲ್ಲೇ ಕಳೆಯುತ್ತದೆ.

ಎರಡನೆಯದು ಹಕ್ಕಿ, ಅಳಿಲು, ಕಣಜ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಗೊರವಂಕ ಹುಲ್ಲು ತುಂಬಿ ಸಂಸಾರ ಹೂಡಿರುತ್ತದೆ. ಒಲೆ ಹಚ್ಚಿದರೆ ಹೊಗೆ ಮೇಲೆ ಹೋಗದೆ ನಮ್ಮ ಮುಖಕ್ಕೇ ಬರುತ್ತದೆ.

ಮೂರನೆಯದು ಕಿಡಿ. ಒಣ ಸೋಗೆ, ಸಿಪ್ಪೆ ಭಗ್ಗನೆ ಉರಿದಾಗ ಕಿಡಿ ಹಾರುತ್ತದೆ. ಪಕ್ಕದಲ್ಲೇ ಹುಲ್ಲಿನ ಬಣವೆ, ಕೊಟ್ಟಿಗೆಯ ಸೋಗೆ ಮಾಡು ಇದ್ದರೆ ಹೇಳಬೇಕೆ?

ನಾಲ್ಕನೆಯದು ಗಾಳಿ. ಬಿರುಗಾಳಿ ಕೊಳವೆಯ ಬಾಯಿಗೆ ನೇರ ನುಗ್ಗಿದರೆ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ.

ತಪ್ಪು ಟೊಪ್ಪಿಯ ಕೇಡು

ಇದನ್ನೆಲ್ಲಾ ತಿಳಿದೇ ಅನೇಕರು ಏನಾದರೊಂದು ಉಪಾಯ ಮಾಡಿರುತ್ತಾರೆ. ಒಡಕು ಮಡಕೆ ಬೋರಲು ಹಾಕುವವರಿದ್ದಾರೆ, ಎಣ್ಣೆ ಡಬ್ಬ ಕವುಚುವವರಿದ್ದಾರೆ. ಸಂಡಾಸಿನ ಗಾಳಿ ಕೊಳವೆಗೆ ಹಾಕುವ ಪ್ಲಾಸ್ಟಿಕ್ ಟೊಪ್ಪಿ ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ತುರುಕುವವರೂ ಇದ್ದಾರೆ. ಮಡಕೆ, ಡಬ್ಬ ದಾರಿ ಕಟ್ಟುತ್ತವೆ. ಪ್ಲಾಸ್ಟಿಕ್ ಬಿಸಿಗೆ ಕರಗಿ ಬಾಯಿಗೇ ಅಂಟುತ್ತದೆ.

ದಾರಿ ಕಟ್ಟಿದರೆ ಬರೀ ಕಣ್ಣುರಿಯಲ್ಲ ತಾಯಂದಿರೇ. ಸೌದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿ ಇರುವಾಗ ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರುತ್ತದೆ, ನಾವು ಎಚ್ಚರವಾಗುತ್ತೇವೆ. ಉರಿ ಇಳಿದು ಬರೀ ಕೆಂಡ ಉಳಿದ ಮೇಲೆ ಹೊಗೆಯೇ ಕಾಣುವುದಿಲ್ಲ. ಆದರೆ ಕೆಂಡದಿಂದಲೂ ಆ ಗಾಳಿ ಬರುತ್ತಲೇ ಇರುತ್ತದೆ. ಈಗ ಹೇಳಿ, ನಾವು ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಕೂರುವುದು ಯಾವಾಗ? ನೀರು ಕಾದು, ಉರಿ ಇಳಿದ ಮೇಲೆಯೇ ಅಲ್ಲವೇ?

ಬಾಣಂತಿಯ ಸ್ನಾನವನ್ನು ನೆನೆಸಿಕೊಳ್ಳಿ. ಥಂಡಿ ಗಾಳಿ ತಾಗಬಾರದೆಂದು ಬಾಗಿಲು ಭದ್ರ, ಕಿಟಕಿಗೆ ಗೋಣಿ. ಒಳಗೆ ತಾಯಿ, ಮೀಯಿಸುವವರು, ಜೊತೆಗೆ ಎಳೆಗೂಸು. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಲ್ಲೇ. ಆ ಒಲೆಯ ಕೊಳವೆ ಕಟ್ಟಿಕೊಂಡಿದ್ದರೆ? ತಲೆ ಭಾರ, ತಲೆ ಸುತ್ತು, ವಾಕರಿಕೆ, ಮಂಪರು ಬಂದರೆ “ಬಿಸಿ ನೀರಿಗೆ ಹಾಗಾಗ್ತದೆ” ಅಂತ ಸುಮ್ಮನಾಗುವುದು ನಮ್ಮ ರೂಢಿ. ಸುಮ್ಮನಾಗಬೇಡಿ. ತಕ್ಷಣ ಎಲ್ಲರನ್ನೂ ಬಯಲಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. ಒಲೆಯ ಪಕ್ಕ ಇದ್ದರು ಎಂಬುದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರೆಂದು, ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಕೂರುವವರು ನಾವು, ನಮ್ಮ ಸೆರಗು ಹಿಡಿದು ಕೂರುವುವು ಆ ಮಕ್ಕಳು.

ಸರಿಯಾದ ಟೊಪ್ಪಿ ಹೇಗಿರಬೇಕು?

ಬಿಸಿ ಹೊಗೆ ಹಗುರ, ಅದಕ್ಕೇ ಮೇಲೇರುತ್ತದೆ. ಟೊಪ್ಪಿ ಅದನ್ನು ತಡೆಯಬಾರದು, ಮಳೆಯನ್ನು ಮಾತ್ರ ತಡೆಯಬೇಕು. ಕೊಳವೆಯ ಬಾಯಿಗೂ ಟೊಪ್ಪಿಗೂ ನಡುವೆ ಕೊಳವೆಯ ಅಗಲದ ಅರ್ಧದಷ್ಟಾದರೂ ಅಂತರ ಇರಲಿ. ನಾಲ್ಕು ಅಂಗುಲದ ಕೊಳವೆಗೆ ಎರಡು ಅಂಗುಲ, ಆರಕ್ಕೆ ಮೂರು. ಲೆಕ್ಕದ ಪ್ರಕಾರ ಕಾಲು ಭಾಗ ಬಿಟ್ಟರೂ ಹೊಗೆಗೆ ಸಾಲುವಷ್ಟು ದಾರಿಯಾಗುತ್ತದೆ. ಆದರೆ ಮಸಿ ಕಟ್ಟುತ್ತಾ ಹೋಗುತ್ತದಲ್ಲ, ಅದಕ್ಕೇ ಅದರ ಎರಡರಷ್ಟು. ಟೊಪ್ಪಿಯ ಅಂಚು ಕೊಳವೆಗಿಂತ ಸುತ್ತಲೂ ಅಗಲವಾಗಿರಬೇಕು, ಇಲ್ಲದಿದ್ದರೆ ಇರಚಲು ಒಳಗೆ ಹೊಡೆಯುತ್ತದೆ.

ಹಕ್ಕಿ ಮತ್ತು ಕಿಡಿಗೆ ಸುತ್ತಲೂ ತಂತಿ ಬಲೆ ಬೇಕು. ಬಲೆಯ ಕಣ್ಣು ಅರ್ಧ ಅಂಗುಲದ್ದಿರಲಿ. ಸೊಳ್ಳೆ ಪರದೆಯ ಬಲೆ ಬೇಡವೇ ಬೇಡ, ಸ್ವಲ್ಪ ದಿನಕ್ಕೇ ಮಸಿ ಮೆತ್ತಿ ಗೋಡೆಯಂತಾಗುತ್ತದೆ. ತಗಡು ಜಿಂಕ್ ಲೇಪದ್ದಾದರೆ ಖರ್ಚು ಕಡಿಮೆ. ಸ್ಟೀಲಿನದಾದರೆ ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು.

ಕೆಲಸ ಬಲ್ಲವರಿಂದಲೇ ಮಾಡಿಸಿ

“ಅಷ್ಟಕ್ಕೆಲ್ಲ ಕೆಲಸದವರು ಯಾಕೆ, ಭಾನುವಾರ ನಾನೇ ಹತ್ತಿ ಹಾಕ್ತೀನಿ” ಅಂತ ಯಜಮಾನರು ಹೇಳಬಹುದು. ಒಪ್ಪಬೇಡಿ. ಪಾಚಿ ಹಿಡಿದ ಹೆಂಚಿನ ಮೇಲೆ ಕಾಲು ಜಾರಿದರೆ ಆಗುವ ಖರ್ಚಿನ ಮುಂದೆ ಕೂಲಿ ಯಾವ ಲೆಕ್ಕ? ಮಕ್ಕಳನ್ನಂತೂ ಹತ್ತಿಸಲೇಬಾರದು. ಟೊಪ್ಪಿಯನ್ನು ತಗಡು ಕೆಲಸದವರು, ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ. ಕೂರಿಸಲು ಮಾತ್ರ ಒಲೆ ಕಟ್ಟಿ ಅಭ್ಯಾಸವಿರುವವರನ್ನೇ ಕರೆಸಿ.

ಒಲೆ ಕಟ್ಟುವುದೂ ಒಂದು ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಹೊಗೆಕೊಳವೆ ಇರುವ ನಮ್ಮ ‘ಅಸ್ತ್ರ ಒಲೆ’ಗೆ ಹೆಸರು ಬಂದದ್ದು ಅಲ್ಲಿಂದಲೇ. ಹಿರಿಯ ಓದುಗರಿಗೆ ನೆನಪಿರಬಹುದು, 1980ರ ದಶಕದಲ್ಲಿ ಈ ಒಲೆ ಕಟ್ಟಲು ತರಬೇತಿ ಪಡೆದವರು ಹಳ್ಳಿಹಳ್ಳಿಗೆ ಬರುತ್ತಿದ್ದರು. ಅಂಥವರ ಕೈಯಲ್ಲಿ ಪಳಗಿದವರು ನಿಮ್ಮೂರಲ್ಲಿದ್ದರೆ ಹುಡುಕಿ ಕರೆಸಿ.

ಕೆಲಸ ನಡೆಯುವಾಗ ನೀವು ಗಮನಿಸಬೇಕಾದವು:

1. ಟೊಪ್ಪಿ ಹಾಕುವ ಮೊದಲು ಕೊಳವೆಯ ಮಸಿ, ಇಲ್ಲಣ ಪೂರ್ತಿ ತೆಗೆಸಿ. ಕೊಳೆ ಒಳಗಿಟ್ಟು ಮುಚ್ಚಳ ಹಾಕಿ ಫಲವಿಲ್ಲ.

2. ಕೊಳವೆ ಎಷ್ಟು ಎತ್ತರವಿದೆ ನೋಡಿ. ಸೂರಿನಿಂದ ಹೊರಬಂದ ಜಾಗದಿಂದ ಕನಿಷ್ಠ 3 ಅಡಿ, ಸುತ್ತ 10 ಅಡಿಯೊಳಗಿನ ಮಾಡಿಗಿಂತ ಕನಿಷ್ಠ 2 ಅಡಿ ಎತ್ತರ ಇರಬೇಕೆಂಬುದು ಅಮೆರಿಕದವರ ಕಟ್ಟಡದ ನಿಯಮ. ನಮ್ಮ ಹೆಂಚಿನ ಮಾಡಿಗೂ ಒಳ್ಳೆಯ ಅಳತೆಯೇ. ಗಿಡ್ಡ ಕೊಳವೆಗೆ ಎಂಥ ಟೊಪ್ಪಿ ಹಾಕಿದರೂ ಗಾಳಿ ಹೊಗೆಯನ್ನು ಒಳಗೇ ಕಳಿಸುತ್ತದೆ.

3. ಕೊಳವೆ ರೀಪು, ಪಕಾಸಿಗೆ ತಾಗಬಾರದು. ತಾಗುವಂತಿದ್ದರೆ ಆ ಭಾಗದ ಮರ ಕತ್ತರಿಸಿ ದೂರ ಮಾಡಿಸಿ, ಸುತ್ತ ತಗಡು ಹೊದಿಸಲಿ.

4. ಟೊಪ್ಪಿಯನ್ನು ಸ್ಕ್ರೂ, ಪಟ್ಟಿ ಹಾಕಿ ಬಿಗಿಯಲಿ, ಸಿಮೆಂಟ್ ಮೆತ್ತಿ ಕೂರಿಸುವುದು ಬೇಡ. ವರ್ಷವರ್ಷ ಬಿಚ್ಚಿ ತೊಳೆಯಬೇಕಲ್ಲ!

5. ಹಳೆಯ ಕೊಳವೆ ಆಸ್‌ಬೆಸ್ಟಾಸಿನದಾದರೆ ಅದನ್ನು ಗರಗಸದಲ್ಲಿ ಕುಯ್ಯಲು, ಒಡೆಯಲು ಬಿಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

6. ದುಡ್ಡು ಕೊಡುವ ಮೊದಲು ಒಲೆ ಹಚ್ಚಿಸಿ. “ಅಣ್ಣಾ, ಒಂದು ಮಡಲು ಉರಿಸಿ ನೋಡಿ ಹೋಗಿ” ಅನ್ನಿ. ಬಾಗಿಲು ತೆರೆದು ಒಂದು ಸಲ, ಹಾಕಿ ಒಂದು ಸಲ. ಎರಡು ಸಲವೂ ಹೊಗೆ ಸರಾಗವಾಗಿ ಮೇಲೆ ಹೋದರೆ ಮಾತ್ರ ಕೆಲಸ ಮುಗಿದಂತೆ.

ಆಮೇಲಿನ ಆರೈಕೆ

ವರ್ಷಕ್ಕೆ ಎರಡು ಸಲ ನೋಡಿಸಿದರೆ ಸಾಕು. ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಒಮ್ಮೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ ಬೆಳಗುತ್ತೀರಲ್ಲ, ಆಗ ಇನ್ನೊಮ್ಮೆ. ಎಷ್ಟೇ ಒಳ್ಳೆಯ ಟೊಪ್ಪಿ ಇದ್ದರೂ ಬಚ್ಚಲಿನ ಕಿಟಕಿಯನ್ನು ಪೂರ್ತಿ ಮುಚ್ಚಬೇಡಿ. ಮೇಲಿನ ಗವಾಕ್ಷಿ ತೆರೆದಿರಲಿ. ಬಾಣಂತಿಗೆ ಥಂಡಿಯಾಗದಂತೆ ಹೊದಿಸಲು ಬಟ್ಟೆ ಇದೆ. ಉಸಿರಿಗೆ ಗಾಳಿಯೊಂದೇ.

ಇದನ್ನೋದಿ “ನಮ್ಮಲ್ಲಿ ಹಂಡೆ ಒಲೆಯಿಲ್ಲ, ಗ್ಯಾಸ್ ಗೀಸರ್” ಎನ್ನುವ ಪೇಟೆಯ ಸೋದರಿಯರಿಗೂ ಒಂದು ಕಿವಿಮಾತು. ಗ್ಯಾಸ್ ಗೀಸರಿನಿಂದಲೂ ಅದೇ ವಿಷದ ಗಾಳಿ ಬರಬಹುದು. ಅದನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಕಡೆ, ತಿಳಿದವರಿಂದಲೇ ಹಾಕಿಸಿ.

ಖರ್ಚಿನ ಮಾತು ಬಂದಾಗ ಸಂಕೋಚ ಪಡಬೇಡಿ. ಸೂರಿನ ಹೆಂಚು ಒಡೆದರೆ ಮರುದಿನವೇ ಆಳು ಬರುತ್ತಾನೆ, ಯಾಕೆಂದರೆ ಸೋರುವುದು ಎಲ್ಲರ ತಲೆಯ ಮೇಲೆ. ಕೊಳವೆ ಕಟ್ಟಿದರೆ ಕೆಮ್ಮುವವಳು ಒಬ್ಬಳೇ, ಅದಕ್ಕೇ ಆ ಕೆಲಸ ಮುಂದೆ ಮುಂದೆ ಹೋಗುತ್ತದೆ. ಈ ಸಲ ಮಳೆಗೆ ಮುಂಚೆಯೇ ಬಾಯಿಬಿಟ್ಟು ಕೇಳಿ, ಮಾಡಿಸಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಹಲಸಿನ ಹಪ್ಪಳ ಮಳೆಗಾಲದಲ್ಲಿ ಮೆತ್ತಗಾಗದಂತೆ ಇಡುವುದು ಹೇಗೆಂದು ನೋಡೋಣ.